ಅವರೆಕಾಳಿನಷ್ಟು ನೀಲಿ

ಐಮಂಗಲ ದಾಟಿ ದುರ್ಗದ ಕಡೆ ಬಂದರೆ
ಎಡಕ್ಕೆ ಸಿಗುವ ಬಂಕು ನಮ್ಮದು.
ರಾತ್ರಿ ಪಾಳಿ. ಎದೆಯ ಬಿಲ್ಲೆಯಲ್ಲಿ ವೀರಮ್ಮ ಅಂತಿದೆ,
ತಿಪ್ಪೀರಮ್ಮ ಹಿಡಿಸಲಿಲ್ಲವಂತೆ ಅಷ್ಟು ಜಾಗದಲ್ಲಿ.

ಗುಡ್ಡದ ಮೇಲಿನ ಫ್ಯಾನುಗಳು ತಿರುಗುತ್ತಿದ್ದರೆ
ನನಗೆ ಅಂಥ ಭಯವಿಲ್ಲ.
ಅವು ಕೈಚೆಲ್ಲಿ ನಿಂತ ರಾತ್ರಿಯೇ ಬೇರೆ.
ಪೆಟ್ರೋಲಿನ ಉಸಿರು ಮೇಲಕ್ಕೇಳುವುದಿಲ್ಲ,
ನೆಲ ಹಿಡಿದು ಹೋಗುತ್ತದೆ
ನಮ್ಮ ಕುಂಟ ನಾಯಿಯ ಹಾಗೆ, ಟೈರಿಂದ ಟೈರಿಗೆ,
ಎಲ್ಲಿದೆ ಕಿಡಿ ಅಂತ ಮೂಸುತ್ತ.

ಅಂಥ ರಾತ್ರಿ, ಒಂದೂ ಮುಕ್ಕಾಲಿಗೆ,
ಒಂದು ಮನೆಯೇ ಬಂದು ನಿಂತಿತು ಎರಡನೇ ಪಂಪಿಗೆ.
ಹರಾಜಿನಲ್ಲಿ ಕೊಂಡ ಮಿಲಿಟರಿ ಗಾಡಿ, ಕುಡಿಯುವುದು ಪೆಟ್ರೋಲೇ.
ಕಿಟಕಿಗೆ ಹೂವಿನ ಪರದೆ, ನೆತ್ತಿಯ ಮೇಲೊಂದು ಸೈಕಲ್ಲು,
ಬೆನ್ನ ಮೇಲೆ ದಪ್ಪಕ್ಷರ: ಬಡಿಗೇರರ ಮನೆ, ಗದಗ.
ಕಪಾಟು, ಮಂಚ, ಮೆಟ್ಟಿಲು ಎಲ್ಲ ಆತನೇ ಕೆತ್ತಿದ್ದಂತೆ.
"ಫುಲ್ ಮಾಡವ್ವಾ."

"ಒಲೆ?" ಅಂದೆ.
"ಬಂದ್ ಐತಿ."
"ಗೀಸರು?"
"ಗೀಸರ್ ಎಲ್ಲಿಂದ ತರ್ಲಿ ತಂಗಿ!" ನಕ್ಕ.
ಸುಳ್ಳಾಡಲಿಲ್ಲ ಮನುಷ್ಯ.
ನಳಿಕೆ ನನ್ನ ಕೈಯಲ್ಲಿತ್ತು, ಮುಚ್ಚಳ ಅರ್ಧ ತಿರುವಿದ್ದೆ.
ಟ್ಯಾಂಕಿನ ಬಾಯಿಂದ ಎರಡೇ ಮೊಳ ದೂರ, ಗಾಡಿಯ ಮಗ್ಗುಲಲ್ಲಿ,
ಒಂದು ಪುಟ್ಟ ಜಾಲರಿ.
ಅದರ ಹಿಂದೆ ಅವರೆಕಾಳಿನಷ್ಟು ನೀಲಿ.

"ಅದು ಫ್ರಿಜ್ಜವ್ವಾ. ಗ್ಯಾಸಿಂದು.
ಬೆಂಕಿ ಇದ್ರನ ಅದಕ್ಕ ತಂಪು."

ಹನ್ನೊಂದು ವರ್ಷ ಈ ಪಂಪಿನ ಮುಂದೆ.
ಬೀಡಿ ಕಂಡಿದ್ದೇನೆ. ಗಾಡಿಯೊಳಗೆ ಹೊಗೆಯಾಡುವ ಲೋಬಾನ.
ಟ್ಯಾಂಕಿನಲ್ಲಿ ಎಷ್ಟಿದೆ ನೋಡಲು
ಲೈಟರ್ ಗೀರಿದ ಮದುಮಗನನ್ನೂ ಕಂಡಿದ್ದೇನೆ.
ತಂಪಿಗೆಂದು ಉರಿಯುವ ಬೆಂಕಿಯನ್ನು ಕಂಡಿರಲಿಲ್ಲ.

ಮುಚ್ಚಳ ಬಿಗಿದೆ. ನಳಿಕೆ ಗೂಡಿಗೆ ಸಿಕ್ಕಿಸಿದೆ.
ಅಷ್ಟರಲ್ಲಿ ಪರದೆಯ ಹಿಂದಿನಿಂದ ಹೆಂಗಸೊಬ್ಬಳ ದನಿ:
"ದೊಡ್ಡದ ಮಾಡ್ರಿ ಅದನ್ನ! ಲಗೂನ ದೊಡ್ಡದ ಮಾಡ್ರಿ!"

ನನ್ನ ಕೈ ಕೆಂಪು ಬಕೆಟ್ಟಿಗೆ ಹೋಯಿತು.
ಮರಳಿನಲ್ಲಿ ಯಾರೋ ನೆಟ್ಟ ಬೀಡಿ ತುಂಡು, ಬಾಳೆಹಣ್ಣಿನ ಸಿಪ್ಪೆ.
ಬಾಯಿ ತೆರೆದೆ. ಕೂಗು ಬರಲಿಲ್ಲ.
ಒಳಗೆ ಎಲ್ಲೋ ಟಕ್ ಅಂತ ಒಂದು ಗುಂಡಿ ತಿರುಗಿತು.
ನೀಲಿ ಇರಲಿಲ್ಲ.

ಆಮೇಲೆ ನೆನಪಾದಳು ನಮ್ಮಜ್ಜಿ.
ಗೂಡಿನ ದೀಪವನ್ನು ಒಂದು ದಿನವೂ ಆರಿಸಿದವಳಲ್ಲ,
ದೊಡ್ಡದು ಮಾಡುವಳು, ಸೆರಗಿನ ತುದಿ ಬೀಸಿ,
ಮತ್ತೆ ಕಗ್ಗತ್ತಲು.
ಒಡೆದ ಬಳೆ ಅವಳಿಗೆ ಹೆಚ್ಚಿದ ಬಳೆ,
ಹೊರಟವರು ಬರ್ತೀನಿ ಅನ್ನಬೇಕು.
ಒಳ್ಳೆಯ ಮಾತೇ ಅದು, ಗೂಡಿನ ದೀಪಕ್ಕೆ.
ಇಲ್ಲಿ, ಪಂಪಿನ ಮುಂದೆ,
ಆರಿಸಿ ಅನ್ನಬೇಕು. ನಾಲಿಗೆ ಸುಟ್ಟರೂ ಅನ್ನಬೇಕು.

"ಸಿಲಿಂಡರಿನ ಕಿವಿಯನ್ನೂ ತಿರುವಿ," ಅಂದೆ. ತಿರುವಿದ.
ಎಲ್ಲರನ್ನೂ ಇಳಿಸಿದೆ. ಆ ಹೆಂಗಸು, ನಿದ್ದೆಗಣ್ಣಿನ ಹುಡುಗಿ,
ಒಂಬತ್ತು ವರ್ಷವಿರಬೇಕು, ತೋಳಿನಲ್ಲಿ ಸೂಜಿಯ ಚುಕ್ಕೆಗಳು.
"ಇಕಿ ಸಕ್ಕರಿ ಮದ್ದು ಐತ್ರಿ ಅದರಾಗ," ಅಂದಳು ತಾಯಿ,
"ಕೆಟ್ಟೀತು ಅಂತ ಹಗಲೂ ರಾತ್ರಿ ಹಚ್ಚೇ ಇಡ್ತೀವಿ."
"ಬಾಗಿಲು ತೆಗೀಬೇಡಿ. ಹತ್ತು ನಿಮಿಷಕ್ಕೆ ತಂಪು ಎಲ್ಲಿಗೆ ಓಡಿಹೋಗುತ್ತೆ?"

ನಲವತ್ತೆರಡು ಲೀಟರು.
ಹುಡುಗಿ ಮೀಟರಿನ ಅಂಕಿ ಓದುತ್ತ ನಿಂತಳು, ಗಟ್ಟಿಯಾಗಿ.
"ಆ ಬೇವಿನ ಮರ ದಾಟಿ, ದೂರ ಹೋಗಿ ಹಚ್ಚಿಕೊಳ್ಳಿ."
ತಲೆಯಾಡಿಸಿದ. ಹುಡುಗಿ ಕಿಟಕಿಯಿಂದ ಬರ್ತೀನಿ ಅಂದಳು.

ಮರದಾಚೆ ಗಾಡಿಯ ಹಿಂದೀಪ ನಿಂತಿದ್ದು ಕಂಡಿತು.
ಇಲ್ಲಿಂದ ನೀಲಿ ಕಾಣುವುದಿಲ್ಲ.
ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಮರಳಿನಿಂದ ಬೀಡಿ ತುಂಡು ಹೆಕ್ಕತೊಡಗಿದೆ,
ಹದಿನಾಲ್ಕು ಸಿಕ್ಕವು.